ಕೋರ್ಟು ಕಟ್ಟೆ: ಜಡ್ಜ್ ಆಗುದು, ಮೇಲೆ ಹೋಗುದು, ಬಿಟ್ಟು ಬರುದು

ಈ ಸಲದ ಟಪಾಲು ನೋಡಿದ್ರೆ ಅರ್ಧಕ್ಕರ್ಧ ಹೈಕೋರ್ಟ್ ಜಡ್ಜುಗಳ ವಿಷಯವೇ ಉಂಟು. ಬಾಡಿಗೆ ಮನೆ, ಚೆಕ್ ಬೌನ್ಸ್ ಅಂತ ಕೇಳಿದವರು ಬೇಜಾರು ಮಾಡ್ಬೇಡಿ, ನಿಮ್ಮದು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ.

ಪ್ರಶ್ನೆ: ಸರ್, ನಾನು ಬದಿಯಡ್ಕದವಳು, ಮಂಗಳೂರಲ್ಲಿ ಲಾ ಓದ್ತಾ ಇದ್ದೇನೆ, ನಾಲ್ಕನೇ ವರ್ಷ. ಹೈಕೋರ್ಟ್ ಜಡ್ಜ್ ಆಗ್ಬೇಕು ಅಂತ ಆಸೆ ಉಂಟು. ಪರೀಕ್ಷೆ ಬರೆದು ಮುನ್ಸಿಫ್ (ಕೆಳಗಿನ ಕೋರ್ಟಿನ ಜಡ್ಜ್) ಆಗಿ ಹತ್ತಿಕೊಂಡು ಹೋಗುದು ಒಳ್ಳೆದಾ, ವಕೀಲಿಕೆ ಮಾಡಿ ನೇರ ಹೋಗುದು ಒಳ್ಳೆದಾ? ಮನೆಯಲ್ಲಿ ಹೇಳಿದ್ರೆ ನಗಾಡ್ತಾರೆ.

ಉತ್ತರ: ನಗಾಡುವವರು ನಗಾಡ್ಲಿ ತಂಗಿ, ಕೇಳಿದ್ದು ಸರಿಯಾದ ಪ್ರಶ್ನೆಯೇ. ಆದ್ರೆ ಯಾವ ದಾರಿ ಅಂತ ನೋಡುವ ಮೊದಲು ನಿನ್ನ ಜನ್ಮ ದಿನಾಂಕ ತೆಗ್ದು ನೋಡು. ನಮ್ಮ ದೇಶದಲ್ಲಿ ಜಡ್ಜುಗಳು ಎಷ್ಟು ಮೇಲೆ ಹೋಗ್ತಾರೆ ಅನ್ನುದನ್ನ ಬುದ್ಧಿವಂತಿಕೆಗಿಂತ ಹೆಚ್ಚು ವಯಸ್ಸೇ ತೀರ್ಮಾನ ಮಾಡುದು, ಇದನ್ನ ಲಾ ಕಾಲೇಜಲ್ಲಿ ಯಾರೂ ಬಾಯಿ ಬಿಟ್ಟು ಹೇಳುದಿಲ್ಲ. ಹೈಕೋರ್ಟಲ್ಲಿ 62ಕ್ಕೆ ಮನೆಗೆ, ಸುಪ್ರೀಂ ಕೋರ್ಟಲ್ಲಿ 65ಕ್ಕೆ. ಮೊದಲು ಹೈಕೋರ್ಟಲ್ಲಿ 60 ಇತ್ತು, 1963ರ 15ನೇ ತಿದ್ದುಪಡಿಯಲ್ಲಿ 62 ಮಾಡಿದ್ರು. ಈ ಗೋಡೆ ಎದುರಿಗೆ ಇಟ್ಟುಕೊಂಡು ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬರ್ಬೇಕು.

ಪರೀಕ್ಷೆಯ ದಾರಿಗೆ ಒಂದು ದೊಡ್ಡ ಉದಾಹರಣೆ ಕೇರಳದಲ್ಲೇ ಉಂಟು, ಫಾತಿಮಾ ಬೀವಿ. ಪತ್ತನಂತಿಟ್ಟದವರು, ಹುಟ್ಟಿದ್ದು 1927 ಏಪ್ರಿಲ್ 30. 1950ರಲ್ಲಿ ವಕೀಲರಾಗಿ ಎನ್‌ರೋಲ್ ಆದ್ರು, 1958ರಲ್ಲಿ ಮುನ್ಸಿಫ್, ಆಮೇಲೆ ಹತ್ತು ವರ್ಷ ಬಿಟ್ಟು 1968ರಲ್ಲಿ ಸಬ್ ಜಡ್ಜ್, 1972ರಲ್ಲಿ ಚೀಫ್ ಜುಡಿಷಿಯಲ್ ಮ್ಯಾಜಿಸ್ಟ್ರೇಟ್, 1974ರಲ್ಲಿ ಜಿಲ್ಲಾ ಸೆಷನ್ಸ್ ಜಡ್ಜ್, 1980ರಲ್ಲಿ ಇನ್‌ಕಮ್ ಟ್ಯಾಕ್ಸ್ ಟ್ರಿಬ್ಯೂನಲ್, 1983 ಆಗಸ್ಟಲ್ಲಿ ಕೇರಳ ಹೈಕೋರ್ಟು. ಆಗ ಅವರಿಗೆ 56. ಅಂದ್ರೆ ಮುನ್ಸಿಫ್ ಕುರ್ಚಿಯಿಂದ ಹೈಕೋರ್ಟ್ ಕುರ್ಚಿಗೆ ಬರ್ಲಿಕ್ಕೆ 25 ವರ್ಷ ಹಿಡಿಯಿತು, ಹೈಕೋರ್ಟಲ್ಲಿ ಸಿಕ್ಕಿದ್ದು ಆರು ವರ್ಷ ಕೂಡ ಪೂರ್ತಿ ಇಲ್ಲ. 1989 ಏಪ್ರಿಲ್ 29ಕ್ಕೆ ರಿಟೈರ್ ಆದ್ರು. ಎಲ್ಲ ಮುಗೀತು ಅಂತ ಇರುವಾಗ ಅದೇ ವರ್ಷ ಅಕ್ಟೋಬರ್ 6ಕ್ಕೆ ಸುಪ್ರೀಂ ಕೋರ್ಟಿಗೆ ಕರ್ಕೊಂಡ್ರು, ಅಲ್ಲಿಯ ಮೊದಲ ಮಹಿಳಾ ನ್ಯಾಯಮೂರ್ತಿ ಅವರೇ. ಹೈಕೋರ್ಟಿಂದ ರಿಟೈರ್ ಆಗಿ ಐದು ತಿಂಗಳು ಮನೆಯಲ್ಲಿದ್ದವರು ಸುಪ್ರೀಂ ಕೋರ್ಟಲ್ಲಿ ಪ್ರಮಾಣ ವಚನ ತಗೊಂಡದ್ದು, ಇದು ಎಲ್ಲರಿಗೂ ಆಗುವಂಥದ್ದಲ್ಲ. ಅವರಿಗಿಂತ ಮೊದಲು ಅನ್ನಾ ಚಾಂಡಿ ಇದ್ರು. 1937ರಲ್ಲೇ ತಿರುವಾಂಕೂರಲ್ಲಿ ಮುನ್ಸಿಫ್, 1948ರಲ್ಲಿ ಜಿಲ್ಲಾ ಜಡ್ಜ್, 1959ರಲ್ಲಿ ಕೇರಳ ಹೈಕೋರ್ಟ್, ಇಡೀ ದೇಶದಲ್ಲೇ ಹೈಕೋರ್ಟ್ ಜಡ್ಜ್ ಆದ ಮೊದಲ ಹೆಂಗಸು. ಮನೆಯಲ್ಲಿ ನಗಾಡುವವರಿಗೆ ಈ ಎರಡು ಹೆಸರು ಹೇಳು ಸಾಕು.

ಇನ್ನೊಂದು ದಾರಿ ವಕೀಲಿಕೆಯದ್ದು. ಮೂಡುಬಿದಿರೆ ಹತ್ತಿರ ಬೆಳುವಾಯಿಯ ಎಸ್. ಅಬ್ದುಲ್ ನಜೀರ್ ಉಂಟಲ್ವಾ, 1983ರಲ್ಲಿ ಎನ್‌ರೋಲ್ ಆಗಿ ಬೆಂಗಳೂರಲ್ಲಿ ಪ್ರಾಕ್ಟೀಸ್ ಮಾಡಿ 2003ರಲ್ಲಿ ಕರ್ನಾಟಕ ಹೈಕೋರ್ಟಿಗೆ ಹೋದ್ರು, ಆಗ 45 ವಯಸ್ಸು. ಹಾಗೆ ಬೇಗ ಹೋದ ಕಾರಣ ಅಲ್ಲಿ ಸುಮಾರು 14 ವರ್ಷ ಸಿಕ್ಕಿತು, ಯಾವ ಹೈಕೋರ್ಟಿಗೂ ಚೀಫ್ ಜಸ್ಟಿಸ್ ಆಗದೆಯೇ 2017ರಲ್ಲಿ ನೇರ ಸುಪ್ರೀಂ ಕೋರ್ಟು, ಅಯೋಧ್ಯೆ ತೀರ್ಪಿನ ಐದು ಜನರಲ್ಲಿ ಒಬ್ರು, 2023ರಲ್ಲಿ ರಿಟೈರ್ ಆದವರು ಈಗ ಆಂಧ್ರದ ಗವರ್ನರ್. 56ಕ್ಕೆ ಹೋಗುದಕ್ಕೂ 45ಕ್ಕೆ ಹೋಗುದಕ್ಕೂ ಎಷ್ಟು ವ್ಯತ್ಯಾಸ ನೋಡು. ಹೈಕೋರ್ಟ್ ಸೀಟುಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ವಕೀಲರಿಗೆ, ಒಂದು ಪಾಲು ಕೆಳಗಿಂದ ಹತ್ತಿ ಬಂದ ಜಡ್ಜುಗಳಿಗೆ ಅಂತ ರೂಢಿ ಉಂಟು. ಸಂವಿಧಾನ ಕೇಳುದು ಇಷ್ಟೇ, ಒಂದೋ ಹತ್ತು ವರ್ಷ ಹೈಕೋರ್ಟ್ ವಕೀಲಿಕೆ, ಇಲ್ಲಾ ಹತ್ತು ವರ್ಷ ನ್ಯಾಯಾಂಗ ಹುದ್ದೆ. ಉಳಿದದ್ದೆಲ್ಲ ಕೊಲಿಜಿಯಂ, ಅಂದ್ರೆ ಜಡ್ಜುಗಳನ್ನ ಆರಿಸುವ ಸೀನಿಯರ್ ಜಡ್ಜುಗಳ ಕೂಟದ ಕೈಯಲ್ಲಿ. ಹೈಕೋರ್ಟಿನ ಚೀಫ್ ಜಸ್ಟಿಸ್ ಮತ್ತೆ ಇಬ್ಬರು ಸೀನಿಯರ್ ಜಡ್ಜುಗಳು ಹೆಸರು ಕಳಿಸ್ತಾರೆ, ರಾಜ್ಯ ಸರಕಾರದ ಅಭಿಪ್ರಾಯ ಕೇಳ್ತಾರೆ, ದಿಲ್ಲಿಯಲ್ಲಿ ಗುಪ್ತಚರ ಇಲಾಖೆಯ (ಐಬಿ) ರಿಪೋರ್ಟು, ಕಾನೂನು ಸಚಿವಾಲಯ, ಸುಪ್ರೀಂ ಕೋರ್ಟ್ ಕೊಲಿಜಿಯಂ, ಕೊನೆಗೆ ರಾಷ್ಟ್ರಪತಿ ಸಹಿ. ಇದನ್ನ ಬದಲು ಮಾಡ್ಲಿಕ್ಕೆ ತಂದ ಎನ್‌ಜೆಎಸಿ ಅನ್ನುವ ರಾಷ್ಟ್ರೀಯ ನ್ಯಾಯಾಂಗ ನೇಮಕಾತಿ ಆಯೋಗವನ್ನ 2015 ಅಕ್ಟೋಬರಲ್ಲಿ ಸುಪ್ರೀಂ ಕೋರ್ಟೇ ನಾಲ್ಕು ಒಂದರಲ್ಲಿ ಹೊಡೆದು ಹಾಕಿತು. ನನ್ನ ಅಭಿಪ್ರಾಯ ಕೇಳಿದ್ರೆ ಜಡ್ಜುಗಳನ್ನ ಸರಕಾರ ಆರಿಸುದು ಬೇಡವೇ ಬೇಡ, ಆದ್ರೆ ಹೆಸರು ಬಿಟ್ಟು ಹೋದವರಿಗೆ ಯಾಕೆ ಬಿಟ್ಟದ್ದು ಅಂತ ಕೂಡ ಹೇಳದ ಈ ಪದ್ಧತಿ ನನಗೆ ಯಾವತ್ತೂ ಇಷ್ಟ ಆಗ್ಲಿಲ್ಲ.

ಈಗ ನಿನ್ನ ಲೆಕ್ಕ. ಕಾಲೇಜು ಮುಗಿಸುವಾಗ 23 ಅಂತ ಇಟ್ಟುಕೊಳ್ಳುವ. ಹಿಂದೆ ಹಾಗೇ ಹೋಗಿ ಮುನ್ಸಿಫ್ ಪರೀಕ್ಷೆ ಬರಿಲಿಕ್ಕೆ ಆಗ್ತಿತ್ತು, 2025 ಮೇ 20ರ ಸುಪ್ರೀಂ ಕೋರ್ಟ್ ತೀರ್ಪು ಬಂದು ಮೂರು ವರ್ಷದ ಪ್ರಾಕ್ಟೀಸ್ ಬೇಕೇ ಬೇಕು ಅಂತ ಆಯ್ತು. ತಾತ್ಕಾಲಿಕ ಎನ್‌ರೋಲ್ಮೆಂಟ್ ಆದ ದಿನದಿಂದಲೇ ಅದು ಲೆಕ್ಕಕ್ಕೆ ಬರ್ತದೆ, ಜಡ್ಜುಗಳ ಹತ್ತಿರ ಲಾ ಕ್ಲರ್ಕ್ ಆಗಿ ಕೆಲಸ ಮಾಡಿದ್ದು ಕೂಡ. ನೋಟಿಫಿಕೇಶನ್ ಬಂದಾಗ ಒಂದೊಂದು ಗೆರೆ ಓದು, ಯಾರೋ ಹೇಳಿದ್ರು ಅಂತ ನಂಬಿ ಕೂರ್ಬೇಡ. ಹಾಗೆ 27ಕ್ಕೆ ಒಳಗೆ ಹೋದ್ರೂ ಜಿಲ್ಲಾ ಜಡ್ಜ್ ಆಗುವಾಗ ನಲವತ್ತು ದಾಟುದೇ ಹೆಚ್ಚು. ನಡುವೆ ಇನ್ನೊಂದು ಬಾಗಿಲು ಉಂಟು, ಏಳು ವರ್ಷ ವಕೀಲಿಕೆ ಮಾಡಿದವರು ಪರೀಕ್ಷೆ ಬರೆದು ನೇರ ಜಿಲ್ಲಾ ಜಡ್ಜ್ ಆಗ್ಬಹುದು. ಅದಕ್ಕೆ 35 ವಯಸ್ಸು ಆಗಿರ್ಬೇಕು. ಹೈಕೋರ್ಟ್ ಕನಸು ಇರುವವರಿಗೆ ನಾನು ಈ ಬಾಗಿಲನ್ನೇ ತೋರಿಸುದು, ಯಾಕಂದ್ರೆ ಕೆಳಗಿನ ಎರಡು ಮೆಟ್ಟಿಲಿನ ಹತ್ತು ಹದಿನೈದು ವರ್ಷ ಉಳೀತದೆ, ಅಷ್ಟರೊಳಗೆ ಕೋರ್ಟಲ್ಲಿ ವಾದ ಮಾಡಿ ಬಾಯಿಯೂ ಪಳಗಿರ್ತದೆ.

ಇನ್ನೊಂದು ಮಾತು, ನೀನು ಕನ್ನಡ ಮೀಡಿಯಂ ಇರ್ಬೇಕು ಅಂತ ಕಾಗದ ನೋಡಿ ಅಂದಾಜು ಮಾಡಿದೆ. ಕಾಸರಗೋಡಲ್ಲಿ ನಿಂತು ಕೇರಳ ಸರ್ವಿಸಿಗೆ ಹೋಗುದಾದ್ರೆ ಮಲಯಾಳ ಬರೇ ಮಾತಾಡಿದ್ರೆ ಸಾಲದು, ಪೊಲೀಸರು ಬರೆದ ಮಹಜರು ಸರಸರ ಓದ್ಲಿಕ್ಕೆ ಬರ್ಬೇಕು, ಅವರ ಕೈಬರಹ ದೇವರಿಗೇ ಪ್ರೀತಿ. ಕರ್ನಾಟಕಕ್ಕೆ ಹೋಗುದಾದ್ರೆ ನಿನ್ನ ಕನ್ನಡ ಅಲ್ಲಿ ಆಸ್ತಿ. ಎರಡನ್ನೂ ಇಟ್ಟುಕೊಂಡವರು ಗಡಿಯಲ್ಲಿ ತುಂಬಾ ಇಲ್ಲ.

ಪ್ರಶ್ನೆ: ಎಡನೀರು ಸ್ವಾಮೀಜಿಯವರ ಕೇಸಲ್ಲಿ ನಮ್ಮ ಕಡೆಯ ಜಡ್ಜ್ ಒಬ್ರು ಇದ್ರು, ತೀರ್ಪು ಕೊಟ್ಟದ್ದಕ್ಕೆ ಅವರನ್ನ ಕೆಲಸದಿಂದ ತೆಗೆದ್ರು ಅಂತ ನಮ್ಮ ಮಾವ ಹೇಳ್ತಿದ್ರು. ನಿಜವಾ? (ಚೆರ್ಕಳದಿಂದ ಒಬ್ಬರು)

ಉತ್ತರ: ಮಾವ ಹೇಳಿದ್ದು ಮುಕ್ಕಾಲು ಪಾಲು ನಿಜ. ತೆಗೆದದ್ದಲ್ಲ, ತಲೆ ಮೇಲಿಂದ ಹಾರಿಸಿದ್ದು, ಅದಕ್ಕೆ ಅವರೇ ರಾಜೀನಾಮೆ ಬಿಸಾಡಿ ಬಂದದ್ದು. ಕೆ.ಎಸ್. ಹೆಗ್ಡೆ. ಕಾರ್ಕಳದ ಕೌಡೂರಿನವರು, ಹುಟ್ಟಿದ್ದು 1909 ಜೂನ್ 11. ದಕ್ಷಿಣ ಕನ್ನಡದಲ್ಲಿ ಪಬ್ಲಿಕ್ ಪ್ರಾಸಿಕ್ಯೂಟರ್ ಆಗಿದ್ದವರು, ಆಗ ನಮ್ಮ ಕಾಸರಗೋಡು ತಾಲೂಕು ಕೂಡ ಅದೇ ಜಿಲ್ಲೆ, ಅಪೀಲು ಎಲ್ಲ ಮದ್ರಾಸ್ ಹೈಕೋರ್ಟಿಗೆ ಹೋಗ್ತಿದ್ದ ಕಾಲ. ಹಾಗಾಗಿ ನಮ್ಮ ಕಡೆಯವರು ಅಂದ್ರೆ ತಪ್ಪೇನಿಲ್ಲ.

ಅವರ ಕೆರಿಯರ್ ಸೀದಾ ಗೆರೆ ಎಳೆದ ಹಾಗೆ ಇಲ್ಲ, ಅದೇ ಅದರ ಚಂದ. 1952ರಲ್ಲಿ ಕಾಂಗ್ರೆಸಿಂದ ರಾಜ್ಯಸಭೆಗೆ ಹೋದ್ರು. ಅಲ್ಲಿಂದ 1957ರಲ್ಲಿ ಮೈಸೂರು ಹೈಕೋರ್ಟ್ ಜಡ್ಜ್. ಇವತ್ತು ಒಬ್ಬ ಎಂಪಿಯನ್ನ ಹಾಗೇ ಎಬ್ಬಿಸಿ ಹೈಕೋರ್ಟಲ್ಲಿ ಕೂರಿಸಿದ್ರೆ ಟಿವಿಯವರು ಒಂದು ತಿಂಗಳು ಮಲಗುದಿಲ್ಲ. 1966ರಲ್ಲಿ ದಿಲ್ಲಿ ಹೈಕೋರ್ಟ್ ಹೊಸತಾಗಿ ಆದಾಗ ಅಲ್ಲಿಯ ಮೊದಲ ಚೀಫ್ ಜಸ್ಟಿಸ್ ಇವರೇ, 1967 ಜುಲೈಯಲ್ಲಿ ಸುಪ್ರೀಂ ಕೋರ್ಟಿಗೆ ಬಂದ್ರು.

ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರು ಮಠದ ಜಾಗ ಕೇರಳದ ಭೂಸುಧಾರಣೆ ಕಾಯಿದೆಯಲ್ಲಿ ಹೋಗ್ತದೆ ಅಂತ 1970ರಲ್ಲಿ ಸುಪ್ರೀಂ ಕೋರ್ಟಿಗೆ ರಿಟ್ ಹಾಕಿದ್ದು ನಿಮಗೆಲ್ಲ ಗೊತ್ತುಂಟು. ನಾನಿ ಪಾಲ್ಖಿವಾಲ ವಾದ ಮಾಡಿದ್ರು, 13 ಜಡ್ಜುಗಳು ಕೂತು 68 ದಿನ ಕೇಳಿದ್ರು, 1972 ಅಕ್ಟೋಬರ್ 31ಕ್ಕೆ ಶುರು ಆಗಿ 1973 ಮಾರ್ಚ್ 23ಕ್ಕೆ ಮುಗಿದದ್ದು. ತೀರ್ಪು ಏಪ್ರಿಲ್ 24ಕ್ಕೆ. ಅದಕ್ಕಿಂತ ತಡ ಮಾಡ್ಲಿಕ್ಕೆ ಆಗ್ತಿರ್ಲಿಲ್ಲ, ಯಾಕಂದ್ರೆ ಚೀಫ್ ಜಸ್ಟಿಸ್ ಸಿಕ್ರಿ ಮರುದಿನವೇ ರಿಟೈರ್. ನೋಡಿ ಇಲ್ಲೂ ವಯಸ್ಸೇ ಬಂತು. ಏಳು ಆರರಲ್ಲಿ ತೀರ್ಪಾಯ್ತು, ಪಾರ್ಲಿಮೆಂಟು ಸಂವಿಧಾನ ತಿದ್ದಬಹುದು, ಆದ್ರೆ ಅದರ ಮೂಲ ಸ್ವರೂಪ ಮುಟ್ಟುವ ಹಾಗಿಲ್ಲ ಅಂತ. ಆ ಏಳರಲ್ಲಿ ಹೆಗ್ಡೆ ಒಬ್ರು, ಮುಖರ್ಜಿಯ ಅನ್ನುವ ಜಡ್ಜ್ ಜೊತೆ ಸೇರಿ ಒಂದೇ ತೀರ್ಪು ಬರೆದ್ರು.

ಸಿಕ್ರಿ ಆದ ಮೇಲೆ ಸೀನಿಯಾರಿಟಿ ಪ್ರಕಾರ ಶೆಲತ್, ಹೆಗ್ಡೆ, ಗ್ರೋವರ್ ಇದ್ರು. ಮೂವರೂ ಆ ಏಳರ ಪೈಕಿ. ಇಂದಿರಾ ಗಾಂಧಿ ಸರಕಾರ ಮೂವರನ್ನೂ ಬಿಟ್ಟು ನಾಲ್ಕನೆಯ ಎ.ಎನ್. ರೇ ಅವರನ್ನ ಚೀಫ್ ಜಸ್ಟಿಸ್ ಮಾಡಿತು. ರೇ ಆ ಆರರಲ್ಲಿ ಇದ್ದವರು. ಮೂವರೂ ರಾಜೀನಾಮೆ ಕೊಟ್ರು. ಇಲ್ಲಿ ಸ್ವಲ್ಪ ಕ್ಯಾಲೆಂಡರ್ ತೆಗೀರಿ. ಶೆಲತ್‌ರಿಗೆ 65 ಆಗುದು ಅದೇ ವರ್ಷ ಜುಲೈಗೆ, ಅವರಿಗೆ ಸಿಗ್ತಿದ್ದದ್ದು ಮೂರು ತಿಂಗಳಿಗೂ ಕಡಿಮೆ. ಹೆಗ್ಡೆಯವರಿಗೆ 65 ಆಗುದು 1974 ಜೂನಿಗೆ. ಅಂದ್ರೆ ಸುಮ್ಮನೆ ಸರದಿ ನಡೆದಿದ್ರೆ ಕೌಡೂರಿನವರು ಸುಮಾರು ಹನ್ನೊಂದು ತಿಂಗಳು ಭಾರತದ ಚೀಫ್ ಜಸ್ಟಿಸ್ ಆಗಿರ್ತಿದ್ರು. ತಪ್ಪಿಸಿದ್ದು ಮೂರು ಜನರ ಮರ್ಯಾದೆ ಮಾತ್ರ ಅಲ್ಲ, ಮುಂದಿನ ಜಡ್ಜುಗಳಿಗೆ ಒಂದು ನೋಟಿಸು ಕಳಿಸಿದ ಹಾಗೆ ಆಯ್ತು. 1977ರಲ್ಲಿ ಎಚ್.ಆರ್. ಖನ್ನಾರಿಗೂ ಹಾಗೇ ಮಾಡಿದ್ರು, ಅವರೂ ಬಿಟ್ಟು ಹೋದ್ರು.

ಹೆಗ್ಡೆ ಊರಿಗೆ ಬಂದು ಸುಮ್ಮನೆ ಕೂರ್ಲಿಲ್ಲ. 1977ರಲ್ಲಿ ಜನತಾ ಪಾರ್ಟಿಯಿಂದ ಬೆಂಗಳೂರು ದಕ್ಷಿಣದಲ್ಲಿ ಗೆದ್ದು ಲೋಕಸಭೆಯ ಸ್ಪೀಕರ್ ಆದ್ರು. ನಿಟ್ಟೆಯ ಕಾಲೇಜುಗಳ ಟ್ರಸ್ಟ್ ಶುರು ಮಾಡಿದ್ದೂ ಅವರೇ, ನಮ್ಮ ಊರಿನ ಎಷ್ಟು ಮಕ್ಕಳು ಅಲ್ಲಿ ಇಂಜಿನಿಯರಿಂಗ್ ಮಾಡಿಲ್ಲ ಹೇಳಿ. ಮಗ ಸಂತೋಷ್ ಹೆಗ್ಡೆ ಕೂಡ ಸುಪ್ರೀಂ ಕೋರ್ಟ್ ಜಡ್ಜ್ ಆಗಿ ಆಮೇಲೆ ಕರ್ನಾಟಕದ ಲೋಕಾಯುಕ್ತ ಆದವರು.

ಸ್ವಾಮೀಜಿಗೆ ಎಂತ ಸಿಕ್ಕಿತು ಅಂತ ನೀವು ಕೇಳ್ಲಿಲ್ಲ, ಆದ್ರೂ ಹೇಳ್ತೇನೆ. ದೇಶಕ್ಕೆ ಸಿಕ್ಕಿತು, ಮಠಕ್ಕೆ ಸಿಗ್ಲಿಲ್ಲ. ಕೇರಳದ ಕಾಯಿದೆಯನ್ನ ಒಂಬತ್ತನೇ ಶೆಡ್ಯೂಲಿಗೆ (ಕೋರ್ಟಲ್ಲಿ ಪ್ರಶ್ನೆ ಮಾಡದ ಹಾಗೆ ಕಾಯಿದೆಗಳನ್ನ ಇಡುವ ಸಂವಿಧಾನದ ಪಟ್ಟಿ) ಹಾಕಿದ 29ನೇ ತಿದ್ದುಪಡಿಯನ್ನ ಕೋರ್ಟು ಎತ್ತಿ ಹಿಡೀತು.

ಪ್ರಶ್ನೆ: ನಾವು ಜತ್ ತಾಲೂಕಿನ ಕನ್ನಡಿಗ್ರು. ಕೊಲ್ಹಾಪುರದಾಗ ಹೈಕೋರ್ಟ್ ಬೆಂಚ್ ಆಗೇತಿ. ಅಲ್ಲಿ ಕೂಡೋ ಜಡ್ಜ್ ಸಾಹೇಬ್ರು ಮುಂಬೈ ಜಡ್ಜಿಗಿಂತ ಸಣ್ಣವ್ರೇನ್ರಿ?

ಉತ್ತರ: ಇಲ್ಲ ಸರ್, ಅದೇ ಬಾಂಬೆ ಹೈಕೋರ್ಟ್ ಜಡ್ಜುಗಳೇ. ಚೀಫ್ ಜಸ್ಟಿಸ್ ರೋಸ್ಟರ್ ಹಾಕಿ ಕಳಿಸ್ತಾರೆ, ಇವತ್ತು ಕೊಲ್ಹಾಪುರ, ನಾಳೆ ಮುಂಬೈಯೋ ನಾಗಪುರವೋ. ಸೀನಿಯಾರಿಟಿ ನಿಂತಿರುದು ನೇಮಕ ಆದ ತಾರೀಕಿನ ಮೇಲೆ, ಕೂತ ಊರಿನ ಮೇಲೆ ಅಲ್ಲ. ಕೊಲ್ಹಾಪುರದ್ದು ಸರ್ಕಿಟ್ ಬೆಂಚ್, 2025 ಆಗಸ್ಟ್ 18ರಿಂದ ಕೆಲಸ ಶುರು. ಕೊಲ್ಹಾಪುರ, ಸಾಂಗಲಿ, ಸಾತಾರ, ಸೋಲಾಪುರ, ರತ್ನಾಗಿರಿ, ಸಿಂಧುದುರ್ಗ ಇಷ್ಟು ಜಿಲ್ಲೆ ಅದಕ್ಕೆ ಬರ್ತದೆ, ಅಂದ್ರೆ ನಿಮ್ಮ ಜತ್ ಕೂಡ, ಅಕ್ಕಲಕೋಟೆಯವರೂ ಕೂಡ. ಕರ್ನಾಟಕದಲ್ಲಿ ಧಾರವಾಡ, ಕಲಬುರಗಿ ಬೆಂಚುಗಳು ಕೂಡ 2008ರಲ್ಲಿ ಸರ್ಕಿಟ್ ಅಂತಲೇ ಶುರು ಆಗಿ 2013ರಲ್ಲಿ ಖಾಯಂ ಆದದ್ದು. ನಿಮ್ಮದನ್ನ ನೋಡಿ ನಮಗೆ ಹೊಟ್ಟೆಕಿಚ್ಚು, ನಮ್ಮ ಕಾಸರಗೋಡಿನವರು ಇವತ್ತಿಗೂ ಒಂದು ಅಪೀಲಿಗೆ ಸುಮಾರು 400 ಕಿ.ಮೀ. ದೂರದ, ಕೇರಳ ಹೈಕೋರ್ಟ್ ಇರುವ ಎರ್ನಾಕುಳಂಗೆ ರೈಲು ಹತ್ತುದು.

ಪ್ರಶ್ನೆ: ಕಾಸರಗೋಡಿನ ಗಡಿ ಬಗ್ಗೆ ಮಹಾಜನ್ ವರದಿ ಕೊಟ್ಟದ್ದು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆಗಿದ್ದವರಲ್ವಾ? ಹಾಗಾದ್ರೆ ಅದು ತೀರ್ಪು. ಜಾರಿ ಯಾಕೆ ಮಾಡುದಿಲ್ಲ? (ಮಂಜೇಶ್ವರ)

ಉತ್ತರ: ಈ ಪ್ರಶ್ನೆ ವರ್ಷಕ್ಕೆ ಒಂದು ಸಲ ಬಂದೇ ಬರ್ತದೆ, ನವೆಂಬರ್ ಹತ್ತಿರ ಬಂದಾಗ. ತೀರ್ಪು ಅಲ್ಲ ಮಾರಾಯ್ರೆ, ವರದಿ. ಮೆಹರ್ ಚಂದ್ ಮಹಾಜನ್ 1954ರಲ್ಲಿ ಒಂದು ವರ್ಷಕ್ಕೂ ಕಡಿಮೆ ಕಾಲ ಭಾರತದ ಚೀಫ್ ಜಸ್ಟಿಸ್ ಆಗಿದ್ರು. ಗಡಿ ಅವರಿಗೆ ಹೊಸತಲ್ಲ, ಲಾಹೋರ್ ಹೈಕೋರ್ಟ್ ಜಡ್ಜ್ ಆಗಿದ್ದಾಗ 1947ರಲ್ಲಿ ರ‍್ಯಾಡ್‌ಕ್ಲಿಫ್ ಜೊತೆ ಪಂಜಾಬ್ ಗಡಿ ಆಯೋಗದಲ್ಲಿ ಕೂತವರು, ಅದೇ ವರ್ಷ ಕಾಶ್ಮೀರದ ಪ್ರಧಾನಮಂತ್ರಿ ಆದವರು. ರಿಟೈರ್ ಆಗಿ ಹನ್ನೆರಡು ವರ್ಷ ಆದ ಮೇಲೆ 1966ರಲ್ಲಿ ಅವರನ್ನ ನಮ್ಮ ಗಡಿ ನೋಡ್ಲಿಕ್ಕೆ ಕಳಿಸಿದ್ದು, 1967ರಲ್ಲಿ ವರದಿ ಕೊಟ್ರು, ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರ್ಬೇಕು ಅಂತ ಅದರಲ್ಲಿ ಉಂಟು.

ಆದ್ರೆ ಕುರ್ಚಿ ಬಿಟ್ಟ ಮೇಲೆ ಜಡ್ಜಿನ ಕೈಯಲ್ಲಿ ಡಿಕ್ರಿ ಇಲ್ಲ. ಆಯೋಗದ ವರದಿ ಅಂದ್ರೆ ಸರಕಾರಕ್ಕೆ ಕೊಟ್ಟ ಸಲಹೆ, ರಾಜ್ಯದ ಗಡಿ ಬದಲಾಗುದು ಸಂವಿಧಾನದ ಮೂರನೇ ವಿಧಿ ಪ್ರಕಾರ ಪಾರ್ಲಿಮೆಂಟ್ ಕಾಯಿದೆ ಮಾಡಿದ್ರೆ ಮಾತ್ರ. ನನಗೂ ಬೇಜಾರು ಉಂಟು. ರಿಟೈರ್ ಆದ ಜಡ್ಜುಗಳನ್ನ ಆಯೋಗಕ್ಕೆ ಕೂರಿಸುದೇ ಹೆಚ್ಚಾಗಿ ಜಗಳವನ್ನ ಕಪಾಟಿನಲ್ಲಿ ಇಡ್ಲಿಕ್ಕೆ ಅಂತ ನನಗೆ ಅನಿಸುದು. ಜಡ್ಜಿಗೂ ಬೇರೆ ಕೆಲಸ ಕಮ್ಮಿಯೇ, ಹೈಕೋರ್ಟಲ್ಲಿ ಖಾಯಂ ಆಗಿ ಕೂತವರು ರಿಟೈರ್ ಆದ ಮೇಲೆ ಅದೇ ಹೈಕೋರ್ಟಲ್ಲಿ ಕೋಟು ಹಾಕಿ ವಾದ ಮಾಡುವ ಹಾಗಿಲ್ಲ, 220ನೇ ವಿಧಿ ಬಿಡುದಿಲ್ಲ, ಬೇರೆ ಹೈಕೋರ್ಟಿಗೋ ಸುಪ್ರೀಂ ಕೋರ್ಟಿಗೋ ಹೋಗ್ಬೇಕು. ಸುಪ್ರೀಂ ಕೋರ್ಟ್ ಜಡ್ಜಿಗೆ ಅದೂ ಇಲ್ಲ.

ಪ್ರಶ್ನೆ: ನಮ್ಮ ಪಕ್ಕದ ಮನೆಯವರ ಮಗ ಜಡ್ಜ್ ಆದ ಮೇಲೆ ಊರಿನ ಮದುವೆಗೂ ಬರುದಿಲ್ಲ. ಅಷ್ಟು ಜಂಬವಾ?

ಉತ್ತರ: ಜಂಬ ಅಲ್ಲ ಅಮ್ಮ, ಭಯ. ಮದುವೆ ಊಟಕ್ಕೆ ಕೂತಾಗ ಪಕ್ಕದ ಎಲೆಯವನ ಕೇಸು ನಾಳೆ ಅವರ ಎದುರಿಗೆ ಬಂದ್ರೆ? 1997ರಲ್ಲಿ ಸುಪ್ರೀಂ ಕೋರ್ಟ್ ಜಡ್ಜುಗಳು ತಮಗೆ ತಾವೇ ಒಂದು ನೀತಿ ಸಂಹಿತೆ ಮಾಡಿಕೊಂಡ್ರು, ಮನೆಯವರು, ಹತ್ತಿರದ ಸಂಬಂಧಿಕರು, ಸ್ನೇಹಿತರು ಬಿಟ್ರೆ ಯಾರಿಂದಲೂ ಉಡುಗೊರೆ ತಗೊಳ್ಳುವ ಹಾಗಿಲ್ಲ, ವಕೀಲರ ಜೊತೆ ಹೆಚ್ಚು ಸಲಿಗೆ ಬೇಡ, ಮನೆಯವರು ಅವರ ಕೋರ್ಟಲ್ಲಿ ವಾದ ಮಾಡುವ ಹಾಗಿಲ್ಲ, ಹೀಗೆ ಹದಿನಾರು. ಕೆಳಗಿನ ಕೋರ್ಟಿನವರು ಕೂಡ ಹಾಗೇ ಇರ್ಲಿಕ್ಕೆ ನೋಡ್ತಾರೆ. ಸಣ್ಣ ಊರಲ್ಲಿ ಇದು ಕಷ್ಟ, ಎಲ್ಲರೂ ಎಲ್ಲರಿಗೆ ಸಂಬಂಧಿಕರು. ಅವರು ಬರುದಿಲ್ಲ ಅಂದ್ರೆ ಒಳ್ಳೆ ಜಡ್ಜ್ ಅಂತ ತಿಳ್ಕೊಳ್ಳಿ, ಪಾಯಸ ಬೇಕಾದ್ರೆ ಅವರ ಅಮ್ಮನ ಕೈಯಲ್ಲಿ ಕಳಿಸಿ.

ಪ್ರಶ್ನೆ: ನಮ್ಮದು ಕುಮ್ಕಿ (ಕೃಷಿ ಜಾಗಕ್ಕೆ ತಾಗಿದ ಸರಕಾರಿ ಜಾಗ) ಜಾಗದ ಗಡಿ ತಕರಾರು. ಮುನ್ಸಿಫ್ ಕೋರ್ಟಲ್ಲಿ ಸೋತೆವು, ಸಬ್ ಕೋರ್ಟಲ್ಲಿ ಅಪೀಲು ಹಾಕಿ ಅಲ್ಲೂ ಸೋತೆವು. ಎರ್ನಾಕುಳಂಗೆ ಹೋದ್ರೆ ದೊಡ್ಡ ಜಡ್ಜ್ ಸಾಕ್ಷಿಯನ್ನ ಪುನಃ ಕರೆಸಿ ಕೇಳ್ತಾರಾ? ಆ ಸಾಕ್ಷಿ ಸುಳ್ಳು ಹೇಳಿದ್ದು ಊರಿಗೇ ಗೊತ್ತು. (ಕುಂಬಳೆ)

ಉತ್ತರ: ಕೇಳುದಿಲ್ಲ. ಇದು ಬೇಸರದ ವಿಷಯ, ಆದ್ರೆ ಹಣ ಖರ್ಚು ಮಾಡುವ ಮೊದಲೇ ಗೊತ್ತಿದ್ರೆ ಒಳ್ಳೆದು. ಸಾಕ್ಷಿ ಸುಳ್ಳು ಹೇಳುವಾಗ ಅವನ ಮುಖ ನೋಡಿದ್ದು ಮುನ್ಸಿಫ್ ಒಬ್ರೇ. ಸಬ್ ಜಡ್ಜ್ ನೋಡಿದ್ದು ಕಾಗದ, ಆದ್ರೂ ಮೊದಲ ಅಪೀಲಲ್ಲಿ ಸಾಕ್ಷಿ, ಕಮಿಷನರ್ ರಿಪೋರ್ಟು, ಸರ್ವೇ ಸ್ಕೆಚ್ಚು ಎಲ್ಲ ಪುನಃ ತೂಗಿ ನೋಡುವ ಅಧಿಕಾರ ಅವರಿಗೆ ಇತ್ತು. ಹೈಕೋರ್ಟಿನ ಸೆಕೆಂಡ್ ಅಪೀಲು ಬೇರೆಯೇ. ಸಿವಿಲ್ ಪ್ರೊಸೀಜರ್ ಕೋಡಿನ 100ನೇ ಸೆಕ್ಷನ್ ಪ್ರಕಾರ ಅಲ್ಲಿ ಬೇಕಾದ್ದು ಕಾನೂನಿನ ಮಹತ್ವದ ಪ್ರಶ್ನೆ, 1976ರ ತಿದ್ದುಪಡಿ ಆದ ಮೇಲೆ ಅದು ಇನ್ನೂ ಬಿಗಿ ಆಯ್ತು. ನಿಮ್ಮ ಅಪೀಲು ಅಡ್ಮಿಷನಿಗೆ ಬಂದ ದಿನ ಸಿಂಗಲ್ ಬೆಂಚಿನ ಜಡ್ಜ್ ಕೆಳಗಿನ ಎರಡು ತೀರ್ಪಿನ ಪುಟ ತಿರುಗಿಸಿಕೊಂಡೇ ನಿಮ್ಮ ವಕೀಲರನ್ನ ಕೇಳುದು, ಕಾನೂನಿನ ಪ್ರಶ್ನೆ ಎಲ್ಲುಂಟು ಹೇಳಿ ಅಂತ. ಆಗ ವಕೀಲರು ಸಾಕ್ಷಿ ಸುಳ್ಳುಗಾರ ಅಂತ ಶುರು ಮಾಡಿದ್ರೆ ಐದು ನಿಮಿಷದಲ್ಲಿ ಡಿಸ್ಮಿಸ್. ಅದರ ಬದಲು, ಕಾಸರಗೋಡು ಕೇರಳಕ್ಕೆ ಸೇರಿದ 1956ರ ಮೊದಲಿನ ಕನ್ನಡ ದಾಖಲೆಯಲ್ಲಿ ಗಡಿ ಬರೆದದ್ದನ್ನ ಎರಡೂ ಕೋರ್ಟು ತಪ್ಪಾಗಿ ಅರ್ಥ ಮಾಡಿದ್ದು, ಇಲ್ಲಾ ಸಂಬಂಧಪಟ್ಟ ದಾಖಲೆಯನ್ನ ನೋಡಲೇ ಇಲ್ಲ, ಹೀಗೆ ಎಂತಾದ್ರೂ ಇದ್ರೆ ಅದು ಕೇಳುವಂಥ ಮಾತು. ಹೈಕೋರ್ಟಿನ ಭಾಷೆ ಇಂಗ್ಲಿಷು, ಹಾಗಾಗಿ ಆ ಹಳೆ ಕನ್ನಡ ಚೀಟಿನ ಅನುವಾದವನ್ನ ಗಡಿಬಿಡಿಯಲ್ಲಿ ಯಾರಿಂದಲೋ ಮಾಡಿಸ್ಬೇಡಿ, ಮೂಲಗೇಣಿ, ಕುಮ್ಕಿ, ವರ್ಗ ಅಂದ್ರೆ ಗೊತ್ತಿರುವ ಊರಿನವರೇ ಮಾಡ್ಬೇಕು. ಎಷ್ಟೋ ಕೇಸು ಅಲ್ಲಿಯೇ ಹಾಳಾಗುದು.

ಹೈಕೋರ್ಟಿಗೆ ಅಪೀಲು ಹಾಕ್ಲಿಕ್ಕೆ ಸಬ್ ಕೋರ್ಟ್ ಡಿಕ್ರಿ ಆದ ತಾರೀಕಿಂದ 90 ದಿನ ಉಂಟು. ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿ ಅದು ಸಿಗುವವರೆಗಿನ ದಿನ ಆ ಲೆಕ್ಕದಿಂದ ಬಿಟ್ಟು ಹೋಗ್ತದೆ, ಆದ್ರೆ ಅರ್ಜಿಯನ್ನೇ ಹಾಕದೆ ಕೂತ ದಿನ ಬಿಟ್ಟು ಹೋಗುದಿಲ್ಲ. ನಿಮ್ಮ ಕಾಗದದಲ್ಲಿ ತೀರ್ಪಿನ ತಾರೀಕೂ ಇಲ್ಲ, ಕಾಪಿ ವಿಷಯವೂ ಇಲ್ಲ. ನಾಳೆಯೇ ಕಾಸರಗೋಡಿನ ಕೋರ್ಟು ಇರುವ ವಿದ್ಯಾನಗರಕ್ಕೆ ಹೋಗಿ ನಿಮ್ಮ ವಕೀಲರ ಗುಮಾಸ್ತರನ್ನ ಹಿಡಿದು ಕಾಪಿ ಅರ್ಜಿ ಕೊಟ್ಟಿದ್ದಾರಾ ಇಲ್ವಾ ಅಂತ ಕೇಳಿ.